ಹೊಸ ಸಂಖ್ಯೆಯೂ ಹಳೆಯ ಯಂತ್ರವೂ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದುದು ಮಹಾನಗರಗಳ ದೊಡ್ಡ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ ವಾರ್ತೆಯೆಂದು ಯಾರಾದರೂ ಭಾವಿಸಿದ್ದರೆ, ಅಂಥವರು ನಮ್ಮ ಕಡೆಗೆ ಒಮ್ಮೆ ಬಂದು ನೋಡುವುದು ಒಳ್ಳೆಯದು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಆಸುಪಾಸಿನಲ್ಲಿ ಮದುವೆಯ ಕಾಗದಗಳನ್ನೂ ಯಕ್ಷಗಾನದ ಕರಪತ್ರಗಳನ್ನೂ ಜೋಡಿಸಿಕೊಡುವ ಡಿ.ಟಿ.ಪಿ. ಅಂಗಡಿಗಳಲ್ಲಿ, ಬೈಂದೂರಿನ ಫೋಟೋ ಸ್ಟುಡಿಯೋಗಳಲ್ಲಿ, ಬ್ರಹ್ಮಾವರದ ಟ್ಯೂಶನ್ ಕೋಣೆಗಳಲ್ಲಿ, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಉದ್ಯೋಗದಲ್ಲಿರುವ ಮಗನು ಹೊಸತೊಂದನ್ನು ಕೊಂಡು ಹಳತನ್ನು ತಂದೆತಾಯಿಯರಿಗೆ ಬಿಟ್ಟುಹೋದ ಮನೆಗಳ ಜಗಲಿಯಲ್ಲಿ, ಇಂದಿಗೂ ಸುಸ್ಥಿತಿಯಲ್ಲಿದ್ದು ದಿನನಿತ್ಯದ ಕೆಲಸವನ್ನು ಮಾಡಿಕೊಡುತ್ತಿರುವ ಎಷ್ಟೋ ಗಣಕಗಳು ಆ ದಿನದಿಂದ ಭದ್ರತೆಯ ಆಸರೆಯಿಲ್ಲದೆ ಉಳಿದುವು. ವಿಂಡೋಸ್ 11ನ್ನು ಹಾಕಿಕೊಳ್ಳೋಣವೆಂದರೆ ಅದು ಟಿ.ಪಿ.ಎಮ್. 2.0 ಎಂಬ ಭದ್ರತಾಂಗವನ್ನೂ, ಇಂಟೆಲ್ಲಿನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಹೀಗಿರುವಾಗ, ಕೆಟ್ಟುಹೋಗದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಗೃಹಸ್ಥನಿಗೆ, ಇಂಜಿನಿಯರಿಂಗ್ ಓದುತ್ತಿರುವ ನೆಂಟರ ಹುಡುಗನೊಬ್ಬನು “ಲಿನಕ್ಸ್ ಹಾಕಿ ನೋಡಿ” ಎಂದು ಸಲಹೆ ಕೊಡುವುದೂ, ಆ ಸಲಹೆಯ ಬೆನ್ನಿಗೇ ಲಿನಕ್ಸಿನ ಯಾವ ಆವೃತ್ತಿ, ಯಾವ ಕರ್ನೆಲ್ ಎಂಬ ಪ್ರಶ್ನೆ ಏಳುವುದೂ ಸಹಜವೇ ಆಗಿದೆ. “ಹಾಕುದಾರೆ ಹೊಸ್ತೇ ಹಾಕುದ್ ಒಳ್ಳೇದಲ್ದಾ ಮಾರಾಯ್ರೆ?” ಎಂದು ನಮ್ಮ ಊರಿನವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಆದರೆ ಉತ್ತರವು ಬಹುಪಾಲು ಸಂದರ್ಭಗಳಲ್ಲಿ ಇಲ್ಲವೆಂದೇ ಆಗುವುದು, ಮತ್ತು ಅದೇಕೆ ಹಾಗೆಂಬುದನ್ನು ಸಾವಧಾನವಾಗಿ ವಿವರಿಸುವುದು ಅವಶ್ಯಕವೆಂದು ನನಗೆ ತೋರುತ್ತದೆ.

ಗಣಕದ ಗುಂಡಿಯನ್ನೊತ್ತಿದ ಕೂಡಲೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿಯೇ ಅಡಗಿರುವ ಒಂದು ಚಿಕ್ಕ ತಂತ್ರಾಂಶ; ಅದು ಬೂಟ್‌ಲೋಡರಿಗೆ ಅಧಿಕಾರವನ್ನು ಒಪ್ಪಿಸುತ್ತದೆ; ಬೂಟ್‌ಲೋಡರು ಡಿಸ್ಕಿನಿಂದ ಕರ್ನೆಲ್ಲನ್ನು ಎತ್ತಿ ಸ್ಮೃತಿಯಲ್ಲಿ, ಎಂದರೆ ರ‍್ಯಾಮಿನಲ್ಲಿ, ಇರಿಸುತ್ತದೆ. ಅಲ್ಲಿಂದ ಮುಂದೆ ಯಂತ್ರವನ್ನು ಆರಿಸುವವರೆಗೆ ಕರ್ನೆಲ್ ಅಲ್ಲಿಂದ ಕದಲುವುದಿಲ್ಲ. ಏಕಕಾಲದಲ್ಲಿ ತೆರೆದಿರುವ ಹತ್ತಾರು ತಂತ್ರಾಂಶಗಳಲ್ಲಿ ಯಾವುದಕ್ಕೆ ಎಷ್ಟು ಕ್ಷಣ ಪ್ರೊಸೆಸರು ಸಿಕ್ಕಬೇಕು, ಯಾವುದಕ್ಕೆ ಎಷ್ಟು ಸ್ಮೃತಿ ಸಲ್ಲಬೇಕು, ಒಂದರ ಸ್ಥಳಕ್ಕೆ ಇನ್ನೊಂದು ಕೈಹಾಕದಂತೆ ಹೇಗೆ ತಡೆಯಬೇಕು, ಡಿಸ್ಕಿನ ಯಾವ ಮೂಲೆಯಲ್ಲಿ ಯಾವ ಕಡತ ಕುಳಿತಿರಬೇಕು ಎಂಬಿವೆಲ್ಲವನ್ನೂ ನಿರ್ಣಯಿಸುವುದು ಅದೇ. ವೈಫೈ ಚಿಪ್ಪು, ಧ್ವನಿ, ಕ್ಯಾಮೆರಾ, ಪರದೆ, ಟಚ್‌ಪ್ಯಾಡು ಮುಂತಾದ ಪ್ರತಿಯೊಂದು ಅಂಗದೊಡನೆಯೂ ಅದರದರ ಭಾಷೆಯಲ್ಲಿ ಮಾತನಾಡಬಲ್ಲ ಡ್ರೈವರುಗಳು ಸಹ ಲಿನಕ್ಸಿನಲ್ಲಿ ಬಹುಮಟ್ಟಿಗೆ ಕರ್ನೆಲ್ಲಿನೊಳಗೇ ಸೇರಿವೆ. ಇಂದು ಮೂರು ಕೋಟಿ ಸಾಲುಗಳನ್ನೂ ಮೀರಿರುವ ಅದರ ಮೂಲಪಠ್ಯದಲ್ಲಿ ಅತ್ಯಧಿಕ ಭಾಗವು ಈ ಡ್ರೈವರುಗಳದೇ. ಆದುದರಿಂದ ಕರ್ನೆಲ್ಲಿನ ಆವೃತ್ತಿಯನ್ನು ಆರಿಸುವುದೆಂದರೆ ಮುಖ್ಯವಾಗಿ ನಮ್ಮ ಯಂತ್ರದ ಅಂಗಗಳನ್ನು ಗುರುತಿಸಬಲ್ಲ ಡ್ರೈವರುಗಳನ್ನು ಆರಿಸುವುದೆಂದೇ ಅರ್ಥ. ಕಣ್ಣಿಗೆ ಕಾಣುವ ಕಿಟಕಿಗಳು, ಬಣ್ಣ, ಮೆನು ಮೊದಲಾದವು ಬೇರೆ ತಂತ್ರಾಂಶಗಳ ಸೃಷ್ಟಿ; ಕರ್ನೆಲ್ಲನ್ನೂ ಅವುಗಳನ್ನೂ ಕೂಡಿಸಿ, ಪರೀಕ್ಷಿಸಿ, ಬಳಸಲು ಅನುಕೂಲವಾಗುವಂತೆ ಒಂದೇ ಕಟ್ಟಾಗಿ ಕೊಡುವವರು ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದ ವಿತರಣೆಗಳವರು.

ಇನ್ನು ಸಂಖ್ಯೆಗಳ ವಿಷಯ. ಹೊಸಬರನ್ನು ಅತಿಯಾಗಿ ದಾರಿತಪ್ಪಿಸುವುದು ಇದೇ ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸನು ತನ್ನ ಪ್ರಯತ್ನವನ್ನು 1991ರ ಆಗಸ್ಟಿನಲ್ಲಿ ಲೋಕಕ್ಕೆ ತಿಳಿಸಿ, ಸೆಪ್ಟೆಂಬರಿನಲ್ಲಿ 0.01 ಎಂಬ ಮೊದಲ ಆವೃತ್ತಿಯನ್ನು ಹೊರಗಿಟ್ಟನು. ಅದರಲ್ಲಿದ್ದುದು ಸುಮಾರು ಹತ್ತು ಸಾವಿರ ಸಾಲು. 1994ರ ಮಾರ್ಚಿನಲ್ಲಿ 1.0, 1996ರಲ್ಲಿ 2.0 ಬಂದುವು. ಆ ಕಾಲದಲ್ಲಿ ಒಂದು ಶಿಸ್ತು ಇತ್ತು: 2.2, 2.4 ಎಂಬಂತೆ ಎರಡನೆಯ ಅಂಕಿ ಸಮಸಂಖ್ಯೆಯಾಗಿದ್ದರೆ ಅದು ಜನಬಳಕೆಗೆ ಯೋಗ್ಯವಾದ ಸ್ಥಿರ ಆವೃತ್ತಿ, 2.3, 2.5 ಎಂಬಂತೆ ವಿಷಮವಾಗಿದ್ದರೆ ಅದು ಪ್ರಯೋಗಶೀಲರ ಪರೀಕ್ಷಾಭೂಮಿ. ಸಂಖ್ಯೆಯನ್ನು ನೋಡಿದೊಡನೆಯೇ ಹೊಸಬನೂ ಆಯ್ಕೆ ಮಾಡಬಹುದಾಗಿತ್ತು. 2003ರ ಡಿಸೆಂಬರಿನಲ್ಲಿ 2.6 ಬಂದ ತರುವಾಯ ಈ ಪದ್ಧತಿಯನ್ನು ಕೈಬಿಡಲಾಯಿತು, ಮತ್ತು ಸಂಖ್ಯೆಯ ಮುಖದಿಂದಲೇ ಗುಣವನ್ನು ಊಹಿಸುವ ಸೌಕರ್ಯವೂ ಅದರೊಡನೆ ಹೋಯಿತು. 2011ರ ಜುಲೈಯಲ್ಲಿ 2.6.39ರ ಮುಂದಿನದಕ್ಕೆ 3.0 ಎಂದು ಹೆಸರಿಟ್ಟದ್ದು ಯಾವ ಮಹತ್ತರ ಬದಲಾವಣೆಯ ಗುರುತಾಗಿಯೂ ಅಲ್ಲ. ಲಿನಕ್ಸು ಇಪ್ಪತ್ತು ವರ್ಷಗಳನ್ನು ತುಂಬಿತೆಂಬುದೂ, ಬೆಳೆಯುತ್ತ ಹೋದ ಅಂಕಿಗಳು ಅನನುಕೂಲವಾಗಿದ್ದುವೆಂಬುದೂ ಅದಕ್ಕೆ ಕಾರಣ. ಹಾಗೆಯೇ 3.19 ಆದ ಮೇಲೆ 4.0, 4.20 ಆದ ಮೇಲೆ 5.0, 5.19 ಆದ ಮೇಲೆ 2022ರ ಅಕ್ಟೋಬರಿನಲ್ಲಿ 6.0 ಬಂದುವು. ಎಣಿಸಲು ಕೈಕಾಲುಗಳ ಬೆರಳುಗಳು ಸಾಲದಾದಾಗ ಮೊದಲ ಅಂಕಿಯನ್ನು ಏರಿಸುವೆನೆಂದು ಟೊರ್ವಾಲ್ಡ್ಸನು ತಾನೇ ಹೇಳಿದ್ದಾನೆ. 5ರಿಂದ ಆರಂಭವಾಗುವುದು ಹಳೆಯ ಕಾಲದ್ದು, 6ರಿಂದ ಆರಂಭವಾಗುವುದು ಹೊಸ ಯುಗದ್ದು ಎಂಬ ಕಲ್ಪನೆಗೆ ಆದುದರಿಂದ ಆಧಾರವಿಲ್ಲ.

ಸಂಖ್ಯೆಗಿಂತ ತಿಳಿಯತಕ್ಕದ್ದು ಅದರ ಹಿಂದಿರುವ ಪಾಲನೆಯ ಕ್ರಮ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನೆಲ್ ಬಿಡುಗಡೆಯಾಗುತ್ತದೆ. ಮೊದಲ ಎರಡು ವಾರ ಹೊಸ ಸಂಗತಿಗಳನ್ನು ಒಳಗೆ ಸೇರಿಸಿಕೊಂಡು, ಅನಂತರ ಬಾಗಿಲನ್ನು ಮುಚ್ಚಿ, ವಾರಕ್ಕೊಂದರಂತೆ ಪರೀಕ್ಷಾ ಪ್ರತಿಗಳನ್ನು ಹೊರಡಿಸುತ್ತ, ಕಂಡುಬಂದ ದೋಷಗಳನ್ನು ತಿದ್ದುತ್ತ, ಏಳೆಂಟು ವಾರಗಳಾದ ಮೇಲೆ ಪೂರ್ಣ ಆವೃತ್ತಿಯನ್ನು ಹೊರಗಿಡುತ್ತಾರೆ. ಹೀಗೆ ಬಂದ ಸಾಮಾನ್ಯ ಆವೃತ್ತಿಗೆ ಸಿಗುವ ಪಾಲನೆ ಅಲ್ಪಕಾಲದ್ದು; ಮುಂದಿನ ಆವೃತ್ತಿ ಬಂದು ಕೆಲವು ವಾರಗಳೊಳಗೆ ಅದನ್ನು ಕೈಬಿಡುತ್ತಾರೆ. ಆದರೆ ವರ್ಷಕ್ಕೊಂದು ಆವೃತ್ತಿಯನ್ನು ಮಾತ್ರ ದೀರ್ಘಾವಧಿಯದೆಂದು ಆರಿಸಿ, ಕನಿಷ್ಠ ಎರಡು ವರ್ಷ, ಅನೇಕ ವೇಳೆ ಅದಕ್ಕಿಂತ ಹೆಚ್ಚು ಕಾಲ, ಹೊಸ ವೈಭವಗಳನ್ನೇನೂ ಸೇರಿಸದೆ ದೋಷಗಳನ್ನು ಮಾತ್ರ ತಿದ್ದಿ ಕೊಡುವ ಹೊಣೆಯನ್ನು ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮೊದಲಾದ ಪಾಲಕರು ವಹಿಸಿಕೊಂಡಿದ್ದಾರೆ. 2020ರ 5.10, 2021ರ 5.15, 2022ರ 6.1, 2023ರ 6.6, 2024ರ 6.12 ಇವು ಈ ವರ್ಗದವು. ಒಬ್ಬ ಗೃಹಸ್ಥನಿಗೆ 6.11ಕ್ಕಿಂತ 6.6 ಹೆಚ್ಚು ಕಾಲ ನೆರವಾಗಬಲ್ಲುದೆಂಬುದು ಸಂಖ್ಯೆಯನ್ನು ಮಾತ್ರ ನೋಡಿದವನಿಗೆ ವಿಚಿತ್ರವಾಗಿ ಕಂಡರೂ ಸತ್ಯ.

ಬ್ರಹ್ಮಾವರದಲ್ಲಿ ಕೃಷಿ ಸಂಶೋಧನ ಕೇಂದ್ರವಿದೆ. ಭತ್ತದ ತಳಿಗಳನ್ನು ಅಲ್ಲಿ ಬೆಳೆಸಿ ಪರೀಕ್ಷಿಸುತ್ತಾರೆ. ಕೇಂದ್ರದ ಗದ್ದೆಯಲ್ಲಿ ಈ ವರ್ಷ ನಿಂತಿರುವ ಪ್ರಯೋಗದ ತಳಿಯನ್ನು ತಂದು ತನ್ನ ಮುಂಗಾರಿನ ಬೈಲಿಗೆಲ್ಲ ಹಾಕುವ ಸಾಹಸವನ್ನು ನಮ್ಮ ರೈತನು ಮಾಡುವುದಿಲ್ಲ. ಕೇರಳದ ಮಂಕೊಂಬಿನಲ್ಲಿ ಹುಟ್ಟಿ, ಕರಾವಳಿಯ ಮಳೆಯನ್ನೂ ನೀರು ನಿಲ್ಲುವ ಗದ್ದೆಯನ್ನೂ ತಾಳಿಕೊಳ್ಳುವುದೆಂದು ವರ್ಷ ವರ್ಷವೂ ಕಂಡುಕೊಂಡ ಎಂ.ಒ. 4 ಎಂಬ ಕೆಂಪಕ್ಕಿಯ ತಳಿಯನ್ನೇ ಅವನು ಮರಳಿ ಮರಳಿ ಬಿತ್ತಿದುದು ಹೊಸತರ ಮೇಲಣ ದ್ವೇಷದಿಂದಲ್ಲ, ತನ್ನ ಗದ್ದೆಯ ಸ್ವಭಾವವನ್ನು ತಿಳಿದುದರಿಂದ. ಯಾವ ಗದ್ದೆಯ ತೊಂದರೆಗೆ ಹಳೆಯ ತಳಿಯಲ್ಲಿ ಪರಿಹಾರವಿಲ್ಲವೋ ಆ ಗದ್ದೆಗೆ ಅವನೇ ಹೊಸ ತಳಿಯನ್ನು ಕೇಳಿಕೊಂಡು ಹೋಗುತ್ತಾನೆ. ಮೊದಲ ಬಾರಿಗೆ ಲಿನಕ್ಸನ್ನು ಸ್ಥಾಪಿಸುವವನು ಹಿಡಿಯಬೇಕಾದ ವಿವೇಕವೂ ಅದೇ: ಅಂಕಿಯನ್ನು ನೋಡುವುದಕ್ಕೆ ಮೊದಲು ಯಂತ್ರದ ವಯಸ್ಸನ್ನು ನೋಡತಕ್ಕದ್ದು.

ಕರ್ನೆಲ್ಲನ್ನು ಪ್ರತ್ಯೇಕವಾಗಿ ಆರಿಸುವ ಗೋಜಿಗೇ ಹೋಗದೆ, ಒಳ್ಳೆಯ ವಿತರಣೆಯೊಂದನ್ನು ಆರಿಸಿ ಅದು ಕೊಟ್ಟ ಕರ್ನೆಲ್ಲನ್ನು ಹಾಗೆಯೇ ಒಪ್ಪಿಕೊಳ್ಳುವುದು ಮೊದಲ ಸ್ಥಾಪನೆಗೆ ಸರ್ವೋತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. 2023ರ ಜೂನಿನ ಡೆಬಿಯನ್ 12 ತಂದುದು 6.1, 2025ರ ಆಗಸ್ಟಿನ ಡೆಬಿಯನ್ 13 ತಂದುದು 6.12, ಇವೆರಡೂ ದೀರ್ಘಾವಧಿಯ ಆವೃತ್ತಿಗಳೇ. 2024ರ ಏಪ್ರಿಲ್ಲಿನ ಉಬುಂಟು 24.04, ಮತ್ತು ಅದನ್ನು ಆಧರಿಸಿ ಆ ವರ್ಷವೇ ಹೊರಬಂದ ಲಿನಕ್ಸ್ ಮಿಂಟ್ 22, ಇವು 6.8ನ್ನು ತಂದುವು, 6.8 ಮೂಲಪಾಲಕರ ದೀರ್ಘಾವಧಿಯ ಪಟ್ಟಿಯಲ್ಲಿ ಇಲ್ಲದಿದ್ದರೂ, ಉಬುಂಟುವಿನವರು ಅದನ್ನು ತಾವೇ ಐದು ವರ್ಷ ತಿದ್ದಿಕೊಡುವ ಹೊಣೆ ಹೊತ್ತಿದ್ದಾರೆ. ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಮುಂದಿನ ಆವೃತ್ತಿಗಳಲ್ಲಿ ಆದ ಭದ್ರತೆಯ ತಿದ್ದುಪಡಿಗಳನ್ನು ಆರಿಸಿ ತಂದು ಹಳೆಯ ಕರ್ನೆಲ್ಲಿಗೆ ಹೊಲಿದುಕೊಡುವುದು ವಿತರಣೆಗಳವರ ನಿತ್ಯದ ಉದ್ಯೋಗ. ರೆಡ್ ಹ್ಯಾಟ್ ಸಂಸ್ಥೆಯು ಉದ್ಯಮಗಳಿಗಾಗಿ ಕೊಡುವ ಒಂಬತ್ತನೆಯ ಆವೃತ್ತಿಯಲ್ಲಿರುವುದು 5.14, ಮೂಲಪಾಲಕರು ಅದನ್ನು ಎಂದೋ ಕೈಬಿಟ್ಟಿದ್ದಾರೆ, ಆದರೂ ಅದು ಬೃಹತ್ ಸಂಸ್ಥೆಗಳ ಸರ್ವರುಗಳಲ್ಲಿ ನಿರಾತಂಕವಾಗಿ ನಡೆಯುತ್ತಿರುವುದಕ್ಕೆ ಈ ಪಾಲನೆಯೇ ಕಾರಣ. ಹೊರಗಿನ ಅಂಕಿ ಹಳತಾಗಿದ್ದಮಾತ್ರಕ್ಕೆ ಒಳಗಿನ ಭದ್ರತೆ ಹಳತೆಂದು ತಿಳಿಯಬಾರದು.

ಸ್ಥಾಪನೆಯಾದ ಯಂತ್ರದಲ್ಲಿ ಯಾವ ಕರ್ನೆಲ್ ಇದೆಯೆಂದು ತಿಳಿಯಲು ಟರ್ಮಿನಲ್ ಕಿಟಕಿಯನ್ನು ತೆರೆದು ‘ಯುನೇಮ್’ ಎಂಬ ಆಜ್ಞೆಯನ್ನೂ, ಒಂದು ತೆರಪು ಬಿಟ್ಟು ಅಡ್ಡಗೆರೆಯೊಡನೆ ‘ಆರ್’ ಅಕ್ಷರವನ್ನೂ, ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಬರೆದು ಎಂಟರ್ ಒತ್ತಿದರೆ ಸಾಕು. ಲಿನಕ್ಸ್ ಮಿಂಟ್ 22ರಲ್ಲಾದರೆ 6.8.0 ಎಂದು ಮೊದಲಾಗಿ, ಅಡ್ಡಗೆರೆಯ ಆಚೆ ಇನ್ನೊಂದು ಅಂಕಿಯಿದ್ದು, ‘ಜೆನೆರಿಕ್’ ಎಂಬ ಪದದಿಂದ ಮುಗಿಯುವ ಒಂದು ಸಾಲು ಕಾಣಿಸುತ್ತದೆ. ತಿಂಗಳುಗಳು ಕಳೆದಂತೆ ಮೊದಲಿನ 6.8.0 ಕದಲದೆ ನಿಂತಿರುವುದನ್ನೂ, ಅಡ್ಡಗೆರೆಯ ಆಚೆಯ ಅಂಕಿ ಮಾತ್ರ ಪ್ರತಿ ಪರಿಷ್ಕರಣದಲ್ಲಿ ಏರುತ್ತಿರುವುದನ್ನೂ ಕಾಣಬಹುದು. ತಿದ್ದುಪಡಿಗಳ ಲೆಕ್ಕ ಇರುವುದು ಆ ಎರಡನೆಯ ಅಂಕಿಯಲ್ಲಿ. ಅದು ಏರುತ್ತಿದೆಯೆಂದರೆ ಯಂತ್ರವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆಂದು ನೆಮ್ಮದಿ ತಾಳಬಹುದು.

ಅತಿ ಹೊಸತರಲ್ಲಿರುವ ಅಪಾಯವು ಕೇವಲ ತರ್ಕದ ಮಾತಲ್ಲವೆಂಬುದಕ್ಕೆ 2022ರ ಶರತ್ಕಾಲದಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿ. ಆ ಸೆಪ್ಟೆಂಬರಿನ ಕೊನೆಯಲ್ಲಿ ಬಂದ 5.19.12 ಎಂಬ ಕರ್ನೆಲ್ಲನ್ನು ಹಾಕಿಕೊಂಡ ಕೆಲವರ ಇಂಟೆಲ್ ಲ್ಯಾಪ್‌ಟಾಪುಗಳ ಪರದೆ ಬೆಳ್ಳಗೆ ಮಿನುಗತೊಡಗಿತು. ಇಂಟೆಲ್ಲಿನ ಇಂಜಿನಿಯರು ಶೋಧಿಸಿ ನೋಡಿದಾಗ ಪರದೆಗೆ ವಿದ್ಯುತ್ತನ್ನು ಕೊಡುವ ಮತ್ತು ತೆಗೆಯುವ ನಡುವಣ ವಿರಾಮದ ಲೆಕ್ಕ ತಪ್ಪಿಹೋಗಿರುವ ಸಂಭವವೂ, ಅದರಿಂದ ಪರದೆಗೇ ಹಾನಿಯಾಗಬಹುದೆಂಬ ಶಂಕೆಯೂ ಕಂಡುಬಂದುದರಿಂದ, ಆ ಆವೃತ್ತಿಯನ್ನು ಬಳಸಬಾರದೆಂದು ಎಚ್ಚರಿಸಿ, ಕೆಲವೇ ದಿನಗಳಲ್ಲಿ 5.19.13ನ್ನು ಹೊರಡಿಸಿದರು. ಬಂದ ಬಂದದ್ದನ್ನು ಬಂದ ಹಾಗೆಯೇ ಹಂಚುವ ವಿತರಣೆಗಳನ್ನು ಆರಿಸಿಕೊಂಡವರಿಗೆ ಈ ಕಷ್ಟ ಒದಗಿತಲ್ಲದೆ, ಸಾವಕಾಶವಾಗಿ ನಡೆಯುವ ವಿತರಣೆಗಳನ್ನು ನಂಬಿದವರಿಗೆ ಅದರ ಸುದ್ದಿಯೂ ಮುಟ್ಟಿರಲಾರದು.

ಹಾಗೆಂದು ದೀರ್ಘಾವಧಿಯದು ಸರ್ವಥಾ ನಿರ್ದೋಷವೆಂದು ಹೇಳಿದರೆ ಅದು ಓದುಗರಿಗೆ ಮಾಡಿದ ಅನ್ಯಾಯವಾದೀತು. 2023ರ ಡಿಸೆಂಬರಿನಲ್ಲಿ 6.1 ಸರಣಿಯ 64ನೆಯ ತಿದ್ದುಪಡಿಯಲ್ಲಿ ಹೊಸ ಕರ್ನೆಲ್ಲಿನಿಂದ ಒಂದು ಪರಿಷ್ಕಾರವನ್ನು ಹಿಂದಕ್ಕೆ ತಂದು ಹೊಂದಿಸುವಾಗ, ಅದು ಅವಲಂಬಿಸಿದ್ದ ಇನ್ನೊಂದು ಪರಿಷ್ಕಾರವು ಬಿಟ್ಟುಹೋಗಿತ್ತು. ಇದರ ಫಲವಾಗಿ ಎಕ್ಸ್‌ಟಿ4 ಎಂಬ, ಲಿನಕ್ಸಿನಲ್ಲಿ ಅತ್ಯಂತ ಪ್ರಚಲಿತವಾದ ಕಡತವ್ಯವಸ್ಥೆಯಲ್ಲಿ, ಕೆಲವೊಂದು ಬಗೆಯ ಬರವಣಿಗೆಯ ಸಮಯದಲ್ಲಿ ದತ್ತಾಂಶವೇ ಕೆಡುವ ಸಂಭವ ಉಂಟಾಯಿತು. ಡೆಬಿಯನ್ನಿನವರು ಆಗಲೇ ಬಿಡುಗಡೆಗೆ ಸಿದ್ಧಪಡಿಸಿದ್ದ 12.3 ಆವೃತ್ತಿಯನ್ನು ತಡೆಹಿಡಿದು, ಯಾರೂ ಪರಿಷ್ಕರಿಸಬೇಡಿರೆಂದು ಪ್ರಕಟಣೆ ಕೊಟ್ಟು, ಸರಿಪಡಿಸಿದ ಕರ್ನೆಲ್ಲಿನೊಡನೆ ಮರುದಿನವೇ 12.4ನ್ನು ಹೊರಡಿಸಿದರು. ಈ ಘಟನೆಯಿಂದ ದೀರ್ಘಾವಧಿಯ ಕರ್ನೆಲ್ಲಿನ ಮೇಲೆ ನನಗಿರುವ ವಿಶ್ವಾಸ ಕುಗ್ಗಲಿಲ್ಲ. ದೋಷವಾದ ಕೂಡಲೆ ಕಂಡುಹಿಡಿದು, ಮುಚ್ಚಿಡದೆ ಸಾರಿ ಹೇಳಿ, ಒಂದೆರಡು ದಿನಗಳಲ್ಲಿ ತಿದ್ದುವ ಜನರು ಅದರ ಹಿಂದೆ ಇದ್ದಾರೆಂಬುದು ಇದರಿಂದ ಸಿದ್ಧವಾಯಿತಷ್ಟೆ. ಆದರೆ ಮಗಳ ಮದುವೆಯ ಚಿತ್ರಗಳು, ಜಾಗದ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು ಮೊದಲಾದ ಪುನಃ ದೊರೆಯದ ಕಡತಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಟ್ಟುಕೊಳ್ಳದೆ ಯಾವ ಕರ್ನೆಲ್ಲನ್ನೂ, ಎಷ್ಟೇ ಸ್ಥಿರವಾದುದನ್ನೂ, ಯಾರೂ ಹಾಕತಕ್ಕದ್ದಲ್ಲ.

ಈಗ ಯಂತ್ರದ ವಯಸ್ಸಿಗೆ ಬರೋಣ. 2012-13ರ ಸುಮಾರಿನಲ್ಲಿ ಕೊಂಡ, ಇಂಟೆಲ್ಲಿನ ಮೂರನೆಯ ತಲೆಮಾರಿನ ಐ3 ಪ್ರೊಸೆಸರೂ ನಾಲ್ಕು ಜಿ.ಬಿ. ರ‍್ಯಾಮೂ ಉಳ್ಳ ಲ್ಯಾಪ್‌ಟಾಪನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಂಥವು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳಲ್ಲಿ ಹೇರಳವಾಗಿವೆ. ಅದರ ಗ್ರಾಫಿಕ್ಸು, ಧ್ವನಿ, ವೈಫೈ ಮೊದಲಾದ ಎಲ್ಲ ಅಂಗಗಳಿಗೂ ಡ್ರೈವರುಗಳು ಬಂದು ಹತ್ತು ವರ್ಷಗಳೇ ಕಳೆದಿರುವುದರಿಂದ 5.15 ಹಾಕಿದರೂ 6.1 ಹಾಕಿದರೂ 6.12 ಹಾಕಿದರೂ ಬಳಸುವವನ ಅನುಭವದಲ್ಲಿ ಗಣನೀಯವಾದ ವ್ಯತ್ಯಾಸವೇನೂ ತೋರದು. ಅದರ ಬದಲು ಹಳೆಯ ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿ, ರ‍್ಯಾಮನ್ನು ಎಂಟಕ್ಕೆ ಏರಿಸಿ, ಎಕ್ಸ್‌ಎಫ್‌ಸಿಇಯಂಥ ಹಗುರವಾದ ಡೆಸ್ಕ್‌ಟಾಪನ್ನು ಆರಿಸಿಕೊಂಡರೆ, ಯಾವ ಕರ್ನೆಲ್ಲೂ ಕೊಡಲಾರದ ವೇಗವು ಆ ಯಂತ್ರಕ್ಕೆ ಬರುತ್ತದೆ. ಹಳೆಯ ಯಂತ್ರಕ್ಕೆ ಅತಿ ಹೊಸ ಕರ್ನೆಲ್ ಕೆಲವು ಸಲ ತೊಂದರೆಯನ್ನೇ ಉಂಟುಮಾಡುವುದುಂಟು: ಎನ್‌ವಿಡಿಯಾ ಸಂಸ್ಥೆಯು ತನ್ನ ಹಳೆಯ ಕಾರ್ಡುಗಳಿಗೆ ಕೊಡುತ್ತಿದ್ದ 390 ಸರಣಿಯ ಡ್ರೈವರು ಕರ್ನೆಲ್ಲಿನ ಹೊರಗಿನದು, ಅದರ ಪಾಲನೆ 2022ರಲ್ಲಿ ಮುಗಿದಿರುವುದರಿಂದ ಅನಂತರದ ಕರ್ನೆಲ್ಲುಗಳೊಡನೆ ಅದನ್ನು ಹೊಂದಿಸುವವರು ಸಂಸ್ಥೆಯಲ್ಲಿ ಇಲ್ಲ. ಇನ್ನೂ ಹಳೆಯದಾದ 32 ಬಿಟ್ಟಿನ ಯಂತ್ರವಾದರೆ ಡೆಬಿಯನ್ 13ಕ್ಕೆ ಆಸೆಪಡುವಂತಿಲ್ಲ, ಏಕೆಂದರೆ ಆ ಬಗೆಯ ಗಣಕಗಳಿಗೆ ಸ್ಥಾಪನೆಯ ಪ್ರತಿಯನ್ನು ಕೊಡುವುದನ್ನು ಅವರು ಆ ಆವೃತ್ತಿಯಿಂದ ನಿಲ್ಲಿಸಿದ್ದಾರೆ; ಡೆಬಿಯನ್ 12ರಲ್ಲಿ ಮಾತ್ರ ಅವಕಾಶವಿದೆ.

ಇದಕ್ಕೆ ವ್ಯತಿರಿಕ್ತವಾಗಿ, ಕಾಲೇಜಿಗೆ ಸೇರಿದ ಮಗನಿಗೆಂದು ಈಚೆಗೆ ಕೊಂಡ ಲ್ಯಾಪ್‌ಟಾಪಿನಲ್ಲಿ ಹೊಸ ಕರ್ನೆಲ್ಲೇ ಬೇಕಾಗಬಹುದು. ರಿಯಲ್‌ಟೆಕ್ ಸಂಸ್ಥೆಯ ಆರ್‌ಟಿಎಲ್8852ಬಿಇ ಎಂಬ ವೈಫೈ ಚಿಪ್ಪು ಸುಲಭ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುತ್ತದೆ. ಅದರ ಡ್ರೈವರು ಕರ್ನೆಲ್ಲಿನೊಳಗೆ ಸೇರಿದುದು 2023ರ ಆರಂಭದ 6.2ರಲ್ಲಿ. ಡೆಬಿಯನ್ 12ರ 6.1ಕ್ಕೆ ಆ ಚಿಪ್ಪಿನ ಗುರುತೇ ಇಲ್ಲ, ಉಬುಂಟು 24.04ರ 6.8ಕ್ಕೆ ಇದೆ. ಒಂದೇ ಯಂತ್ರದಲ್ಲಿ ಒಂದು ವಿತರಣೆ ವೈಫೈಯನ್ನು ತೋರಿಸಿ ಇನ್ನೊಂದು ತೋರಿಸದಿದ್ದರೆ ಕಾರಣ ಹೆಚ್ಚಾಗಿ ಇಂಥದೇ ಆಗಿರುತ್ತದೆ. ಯಂತ್ರವು ಮಾರುಕಟ್ಟೆಗೆ ಬಂದ ದಿನಾಂಕಕ್ಕಿಂತ ಸುಮಾರು ಒಂದು ವರ್ಷವಾದರೂ ಈಚಿನ ಕರ್ನೆಲ್ಲನ್ನು ಹುಡುಕುವುದು ಇಂಥಲ್ಲಿ ಒಳ್ಳೆಯದು. ಇದಕ್ಕಾಗಿಯೇ ಉಬುಂಟುವಿನವರು ತಮ್ಮ ದೀರ್ಘಾವಧಿಯ ವಿತರಣೆಗೆ ಆಗಾಗ ಹೊಸ ಕರ್ನೆಲ್ಲನ್ನು ಜೋಡಿಸಿ ಮರುಬಿಡುಗಡೆ ಮಾಡುತ್ತಾರೆ, 24.04ರ ಮೂರನೆಯ ಪರಿಷ್ಕರಣ 2025ರ ಆಗಸ್ಟಿನಲ್ಲಿ ಬಂದಾಗ ಅದರಲ್ಲಿದ್ದುದು 6.14. ಹಳೆಯ ಯಂತ್ರದವನಿಗೆ ಮೊದಲ ಬಿಡುಗಡೆಯ 6.8, ಹೊಸ ಯಂತ್ರದವನಿಗೆ ಈ ಮರುಬಿಡುಗಡೆ ಎಂದು ತಿಳಿದರೆ ಅರ್ಧ ಸಂಶಯ ನಿವಾರಣೆಯಾದಂತೆಯೇ.

ಉಳಿದರ್ಧವನ್ನು ನಿವಾರಿಸುವುದಕ್ಕೆ ಪೆನ್‌ಡ್ರೈವೊಂದು ಸಾಕು. ಹೆಚ್ಚಿನ ವಿತರಣೆಗಳನ್ನು ಪೆನ್‌ಡ್ರೈವಿಗೆ ಇಳಿಸಿ, ಡಿಸ್ಕನ್ನು ಮುಟ್ಟದೆ, ಅದರಿಂದಲೇ ಯಂತ್ರವನ್ನು ಎಬ್ಬಿಸಿ ನಡೆಸಬಹುದಾದುದರಿಂದ, ಸ್ಥಾಪನೆಯ ಗುಂಡಿಯನ್ನು ಒತ್ತುವುದಕ್ಕೆ ಮುಂಚೆ ಅರ್ಧ ಘಂಟೆಯನ್ನು ಪರೀಕ್ಷೆಗೆ ಮೀಸಲಿಡಬೇಕು. ಮನೆಯ ವೈಫೈ ಪಟ್ಟಿಯಲ್ಲಿ ಕಾಣುವುದೇ, ಒಂದು ಹಾಡನ್ನು ಹಾಕಿದರೆ ಧ್ವನಿ ಸ್ಪೀಕರಿನಿಂದಲೂ ಇಯರ್‌ಫೋನಿನಿಂದಲೂ ಬರುವುದೇ, ಕ್ಯಾಮೆರಾ ಮುಖವನ್ನು ತೋರುವುದೇ, ಬೆಳಕು ಹೆಚ್ಚಿಸುವ ಕೀಲಿ ಕೆಲಸ ಮಾಡುವುದೇ ಎಂದು ನೋಡಬೇಕು. ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳವನ್ನು ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದಾಗ ಯಂತ್ರವು ನಿದ್ರೆಯಿಂದ ಸರಿಯಾಗಿ ಏಳುವುದೇ ಎಂದು ಪರೀಕ್ಷಿಸಬೇಕು, ಏಕೆಂದರೆ ಕರ್ನೆಲ್ಲಿನ ಮತ್ತು ಯಂತ್ರದ ನಡುವಣ ಸೂಕ್ಷ್ಮವಾದ ವೈಮನಸ್ಯವು ಮೊದಲು ಪ್ರಕಟವಾಗುವುದು ಅಲ್ಲಿಯೇ. ಇವೆಲ್ಲ ಸರಿಯಾಗಿದ್ದರೆ ಆ ಕರ್ನೆಲ್ಲನ್ನು ಬಿಟ್ಟು ಇನ್ನೊಂದನ್ನು ಅರಸಲು ಯಾವ ಕಾರಣವೂ ಇಲ್ಲ. ಸ್ಟುಡಿಯೋದವರು ಕ್ಯಾಮೆರಾದ ಕಾರ್ಡನ್ನೂ ಹಾಕಿ ನೋಡಬೇಕು; ದೊಡ್ಡ ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಒಳ್ಳೆಯ ಡ್ರೈವರು 2020ರ 5.7ರಲ್ಲಿಯೂ, ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕುಗಳಿಗೆ ಹೊಸ ಡ್ರೈವರು 2021ರ 5.15ರಲ್ಲಿಯೂ ಬಂದಿರುವುದರಿಂದ, ಈಗಿನ ಯಾವ ವಿತರಣೆಯಲ್ಲಾದರೂ ಇವಕ್ಕೆ ತೊಡಕಾಗಬಾರದು.

ಕರ್ನೆಲ್ಲಿನಿಂದ ಬಗೆಹರಿಯದ ತೊಂದರೆಗಳನ್ನು ಅದರ ತಲೆಗೆ ಕಟ್ಟುವುದೂ ಸಾಮಾನ್ಯ. ಡಿ.ಟಿ.ಪಿ. ಅಂಗಡಿಯ ಲೇಸರ್ ಪ್ರಿಂಟರು ಲಿನಕ್ಸಿನಲ್ಲಿ ಮುದ್ರಿಸದಿದ್ದರೆ ಕರ್ನೆಲ್ ಬದಲಾಯಿಸಿ ಪ್ರಯೋಜನವಿಲ್ಲ; ಮುದ್ರಣದ ವ್ಯವಸ್ಥೆ ಕರ್ನೆಲ್ಲಿನ ಹೊರಗಿದ್ದು, ಪ್ರಿಂಟರಿನ ತಯಾರಕರು ಕೊಡುವ ಡ್ರೈವರನ್ನು ಅವಲಂಬಿಸಿರುತ್ತದೆ. ಆಧಾರಿನ ಬೆರಳಚ್ಚು ತೆಗೆಯುವ ಉಪಕರಣ, ಡಿಜಿಟಲ್ ಸಹಿಯ ಟೋಕನ್ ಮೊದಲಾದುವನ್ನು ನೆಚ್ಚಿಕೊಂಡು ಜೀವನ ನಡೆಸುವ ಸೇವಾಕೇಂದ್ರದವರು ಆ ಉಪಕರಣಗಳಿಗೆ ಲಿನಕ್ಸಿನ ತಂತ್ರಾಂಶ ಉಂಟೇ ಎಂದು ವಿಚಾರಿಸಿ ಖಾತ್ರಿ ಮಾಡಿಕೊಂಡಲ್ಲದೆ ತಮ್ಮ ಮುಖ್ಯ ಗಣಕಕ್ಕೆ ಕೈಹಚ್ಚಬಾರದು. ಕನ್ನಡದ ವಿಷಯವೂ ಹಾಗೆಯೇ. ಕರ್ನೆಲ್ಲಿನ ಬರಿಯ ಕಪ್ಪು ಪರದೆಯಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಮಾತ್ರ ಸ್ಥಳವಿದ್ದು, ಒತ್ತಕ್ಷರ ಗುಣಿತಾಕ್ಷರಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ; ಆ ಕೆಲಸವನ್ನು ಮಾಡುವುದು ಅದರ ಮೇಲೆ ನಡೆಯುವ ಹಾರ್ಫ್‌ಬಜ್ ಮುಂತಾದ ತಂತ್ರಾಂಶಗಳು, ಮತ್ತು ಲೋಹಿತ್, ಗುಬ್ಬಿ, ನವಿಲು ಮೊದಲಾದ ಫಾಂಟುಗಳು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ನುಡಿ ತಂತ್ರಾಂಶದಿಂದ ಎಲ್ಲರ ಬೆರಳುಗಳಿಗೂ ಪರಿಚಿತವಾದ ಅದೇ ವಿನ್ಯಾಸ, ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೂ ಸಿದ್ಧವಾಗಿದೆ. ನುಡಿಯ ಹಳೆಯ ಅಕ್ಷರಸಂಕೇತದಲ್ಲಿ ಟೈಪು ಮಾಡಿಟ್ಟ ಕಡತಗಳನ್ನು ಮಾತ್ರ ಯುನಿಕೋಡಿಗೆ ಪರಿವರ್ತಿಸಿಕೊಂಡು ಬರುವುದು ಲೇಸು. ಕರ್ನೆಲ್ 5.15 ಇರಲಿ 6.14 ಇರಲಿ, ಇದರಲ್ಲಿ ಯಾವ ಭೇದವೂ ಇಲ್ಲ.

ಬಹುಸಂಖ್ಯೆಯ ಯಂತ್ರಗಳನ್ನು ನಡೆಸುವವರು ಈ ಆಯ್ಕೆಯನ್ನು ಹೇಗೆ ಮಾಡುತ್ತಾರೆಂಬುದಕ್ಕೆ ನಮ್ಮ ನೆರೆಯಲ್ಲಿಯೇ, ಕನ್ನಡಿಗರ ಮಕ್ಕಳೇ ಓದುವ ಶಾಲೆಗಳಲ್ಲಿಯೇ, ಒಂದು ಉದಾಹರಣೆಯಿದೆ. ಕೇರಳ ಸರ್ಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭಿಸಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಡಿಸಿದ ಯೋಜನೆಯ ಅನ್ವಯ ಆ ರಾಜ್ಯದ ಶಾಲೆಗಳಲ್ಲಿ ಗಣಕಶಿಕ್ಷಣವು ನಡೆಯುತ್ತಿರುವುದು ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಇದರಲ್ಲಿ ಸೇರಿವೆ. ಅವರು ಮಕ್ಕಳ ಕೈಗೆ ಕೊಟ್ಟುದು ಆಯಾ ಕಾಲದ ಅತಿ ಹೊಸ ಕರ್ನೆಲ್ಲನ್ನಲ್ಲ. ಉಬುಂಟುವಿನ ದೀರ್ಘಾವಧಿಯ ಬಿಡುಗಡೆಯೊಂದನ್ನು ಹಿಡಿದು, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಸೇರಿಸಿ, ಅದನ್ನೇ ಅನೇಕ ವರ್ಷ ನಡೆಸಿಕೊಂಡು ಬಂದರು, 18.04ನ್ನು ಆಧರಿಸಿದ ಆವೃತ್ತಿಯ ನಂತರ 22.04ನ್ನು ಆಧರಿಸಿದ್ದು ಬಂತು. ಪಠ್ಯಪುಸ್ತಕದಲ್ಲಿ ಅಚ್ಚಾದ ಚಿತ್ರಕ್ಕೂ ಪ್ರಯೋಗಾಲಯದ ಪರದೆಗೂ ಹೊಂದಿಕೆ ಇರಬೇಕಾದಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಕೊಂಡ ಗಣಕಗಳೆಲ್ಲ ಒಂದೇ ರೀತಿ ನಡೆಯಬೇಕಾದಲ್ಲಿ, ಇದಲ್ಲದೆ ಬೇರೆ ಮಾರ್ಗವಿಲ್ಲ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲೆ ಕಾಲೇಜುಗಳವರು ಇದನ್ನು ಹೋಗಿ ನೋಡಿ ಬರಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ನಮ್ಮ ಕಡೆಯ ಮಳೆಗಾಲದ ಬಗ್ಗೆ ಒಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಘಂಟೆಗಟ್ಟಲೆ ಕರೆಂಟು ಇಲ್ಲದಾಗುವ ಪ್ರದೇಶ ಇದು. ಕರ್ನೆಲ್ಲಿನ ಪರಿಷ್ಕರಣವೆಂದರೆ ನೂರಾರು ಮೆಗಾಬೈಟುಗಳನ್ನು ಇಳಿಸಿಕೊಂಡು, ಬಿಚ್ಚಿ, ಯಂತ್ರವು ಮುಂದಿನ ಸಲ ಏಳುವಾಗ ಬೇಕಾಗುವ ಆರಂಭಿಕ ಕಡತವನ್ನು ಹೊಸದಾಗಿ ಕಟ್ಟಿ, ಬೂಟ್‌ಲೋಡರಿನ ಪಟ್ಟಿಯನ್ನು ತಿದ್ದುವ ಕೆಲಸ. ಬ್ಯಾಟರಿ ಸತ್ತುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿಯೋ, ಯು.ಪಿ.ಎಸ್. ಇಲ್ಲದ ಡೆಸ್ಕ್‌ಟಾಪಿನಲ್ಲಿಯೋ ಈ ಕೆಲಸದ ನಡುವೆ ಕರೆಂಟು ಹೋದರೆ ಹೊಸ ಕರ್ನೆಲ್ ಅರ್ಧಂಬರ್ಧವಾಗಿ ಉಳಿದು ಯಂತ್ರವು ಏಳದೆ ಹೋಗಬಹುದು. ಆಗ ಗಾಬರಿಪಡಬೇಕಾಗಿಲ್ಲ. ಉಬುಂಟು, ಮಿಂಟ್, ಡೆಬಿಯನ್ ಮೂರೂ ಹೊಸ ಕರ್ನೆಲ್ಲನ್ನು ಹಾಕುವಾಗ ಹಿಂದಿನದನ್ನು ಅಳಿಸದೆ ಉಳಿಸಿಕೊಂಡಿರುತ್ತವೆ. ಯಂತ್ರವನ್ನು ಮತ್ತೆ ಹಚ್ಚಿ, ತಯಾರಕರ ಚಿಹ್ನೆ ಮರೆಯಾದೊಡನೆಯೇ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿದರೆ (ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ) ಗ್ರಬ್ ಎಂಬ ಬೂಟ್‌ಲೋಡರಿನ ಪಟ್ಟಿ ತೆರೆಯುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಶನ್ಸ್’ ಎಂಬುದನ್ನು ಆರಿಸಿದರೆ ಯಂತ್ರದಲ್ಲಿರುವ ಕರ್ನೆಲ್ಲುಗಳೆಲ್ಲ ಅವವುಗಳ ಅಂಕಿಗಳೊಡನೆ ಕಾಣುತ್ತವೆ. ನಿನ್ನೆಯವರೆಗೆ ನಡೆಯುತ್ತಿದ್ದ ಅಂಕಿಯನ್ನು ಆರಿಸಿ ಎಂಟರ್ ಒತ್ತಿದರೆ ಯಂತ್ರವು ಮೊದಲಿನಂತೆಯೇ ಏಳುತ್ತದೆ, ಮತ್ತು ಅರ್ಧದಲ್ಲಿ ನಿಂತ ಪರಿಷ್ಕರಣವನ್ನು ಅಲ್ಲಿಂದ ಪೂರ್ಣಗೊಳಿಸಬಹುದು. ಮಿಂಟಿನಲ್ಲಾದರೆ ಅಪ್‌ಡೇಟ್ ಮ್ಯಾನೇಜರಿನ ‘ವ್ಯೂ’ ಮೆನುವಿನೊಳಗೆ ‘ಲಿನಕ್ಸ್ ಕರ್ನೆಲ್ಸ್’ ಎಂಬ ಕಿಟಕಿಯಿದ್ದು, ಯಾವುದು ಈಗ ನಡೆಯುತ್ತಿದೆ, ಯಾವುದಕ್ಕೆ ಎಲ್ಲಿಯವರೆಗೆ ಬೆಂಬಲವುಂಟು ಎಂಬುದನ್ನೂ ಅದು ತೋರಿಸುತ್ತದೆ. ಸ್ಥಳವನ್ನು ಉಳಿಸುವ ಆಸೆಯಿಂದ ಅಲ್ಲಿರುವ ಹಳೆಯ ಕರ್ನೆಲ್ಲುಗಳನ್ನೆಲ್ಲ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡದೆ, ಚೆನ್ನಾಗಿ ನಡೆಯುತ್ತಿದ್ದುದೆಂದು ಗೊತ್ತಿರುವ ಒಂದನ್ನಾದರೂ ಉಳಿಸಿಕೊಂಡು, ಜೂನಿನಿಂದ ಸೆಪ್ಟೆಂಬರಿನವರೆಗೆ ಪರಿಷ್ಕರಣದ ಕೆಲಸವನ್ನು ಗಾಳಿಮಳೆ ಬಿಟ್ಟ ಹೊತ್ತಿನಲ್ಲಿ ಇಟ್ಟುಕೊಳ್ಳತಕ್ಕದ್ದು.